ಆಯಿಲ್ ಬದಲಿಸುವುದು ಸುಲಭ, ಕಾರಿನಡಿ ಮಲಗುವುದಲ್ಲ

ಪ್ರಶ್ನೆ: ನನ್ನದು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು, 1.2 ಲೀಟರ್ ಎಂಜಿನ್, 62,000 ಕಿ.ಮೀ. ಓಡಿದೆ. ವಾರಂಟಿ ಎಂದೋ ಮುಗಿದಿದೆ. ಸಕಲೇಶಪುರದ ಹತ್ತಿರ ಮನೆ. ಮಕ್ಕಳ ಶಾಲೆ, ಪೇಟೆ ಎಂದು ನಾಲ್ಕೈದು ಕಿ.ಮೀ. ಓಡಾಟವೇ ಹೆಚ್ಚು. ಪ್ರತಿ ಸರ್ವಿಸ್ ಬಿಲ್ಲಿನಲ್ಲೂ ಎಂಜಿನ್ ಫ್ಲಷ್ (ಒಳಗನ್ನು ತೊಳೆಯುವ ದ್ರವ), ಅಡಿಟಿವ್ (ಆಯಿಲಿಗೆ ಬೆರೆಸುವ ರಾಸಾಯನಿಕ) ಎಂದು ಏನಾದರೊಂದು ಸೇರಿಕೊಂಡಿರುತ್ತದೆ. ಎಂಜಿನ್ ಆಯಿಲ್ ಮತ್ತು ಫಿಲ್ಟರನ್ನು ಮನೆಯಲ್ಲೇ ಬದಲಿಸಿಕೊಳ್ಳಬಹುದೇ? ಕೈಪಿಡಿಯಲ್ಲಿ 5ಡಬ್ಲ್ಯೂ-30 ಎಂದಿದೆ. ಊರಿನ ಮೆಕ್ಯಾನಿಕ್ 20ಡಬ್ಲ್ಯೂ-40 ಹಾಕಿ ಎನ್ನುತ್ತಾರೆ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಪದಾರ್ಥ ಕಾಣಿಸುತ್ತಿದೆ, ಹೆದರಬೇಕೇ? ಹಳೆಯ ಆಯಿಲನ್ನು ಬೇಲಿ ಕಂಬಗಳಿಗೆ ಬಳಿಯಬೇಕೆಂದು ನಮ್ಮ ತಂದೆ ಕೇಳುತ್ತಿದ್ದಾರೆ. ತಮ್ಮನ ಬಿಎಸ್6 ಡೀಸೆಲ್ ಕಾರಿಗೂ ಇದೇ ಕ್ರಮವೇ?

ಉತ್ತರ: ಧಾರಾಳವಾಗಿ ಬದಲಿಸಿಕೊಳ್ಳಬಹುದು. ಒಂದು ಬೋಲ್ಟ್ ಬಿಚ್ಚಿ ಹಳೆಯ ಆಯಿಲ್ ಇಳಿಸುವುದು, ಫಿಲ್ಟರ್ ತಿರುಗಿಸಿ ತೆಗೆದು ಹೊಸದನ್ನು ಕೂರಿಸುವುದು, ಮೇಲಿನಿಂದ ಹೊಸ ಆಯಿಲ್ ಸುರಿಯುವುದು, ಕೆಲಸ ಇಷ್ಟೇ. ಇದಕ್ಕೆ ಬೇಕಾದ ವಿದ್ಯೆ ಕಡಿಮೆ, ನಿಗಾ ಹೆಚ್ಚು. ಕೈತಪ್ಪಿದರೆ ದುಬಾರಿಯಾಗುವ ಜಾಗಗಳು ಕೆಲವೇ ಇವೆ. ಈ ಉತ್ತರದ ಬಹುಪಾಲು ಅವುಗಳ ಬಗ್ಗೆಯೇ.

ಹಣದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಯಿಲಿಗೂ ಫಿಲ್ಟರಿಗೂ ಎಲ್ಲಿ ಕೊಂಡರೂ ಹೆಚ್ಚುಕಡಿಮೆ ಅಷ್ಟೇ ದುಡ್ಡು. ಉಳಿಯುವುದು ಕೂಲಿ, ಜೊತೆಗೆ ಕೇಳದೆಯೇ ಬಿಲ್ಲಿನಲ್ಲಿ ಬಂದು ಕೂತಿರುವ ಬಾಬತ್ತುಗಳು. ಮೊದಲ ಸಲ ಜಾಕ್ ಸ್ಟ್ಯಾಂಡು, ಸ್ಪ್ಯಾನರು, ಟಬ್ಬು ಎಂದು ಕೊಳ್ಳುವಾಗ ಆ ಉಳಿತಾಯವೂ ಕರಗಿಹೋಗುತ್ತದೆ. ನನ್ನ ಮಟ್ಟಿಗೆ ಲಾಭ ಬೇರೆಯೇ ಇದೆ: ಎಂಜಿನ್ನಿಗೆ ಯಾವ ಆಯಿಲ್, ಎಷ್ಟು ಬಿತ್ತು ಎಂಬುದು ಖಾತ್ರಿಯಾಗಿ ಗೊತ್ತಿರುತ್ತದೆ, ಕಾರಿನ ಅಡಿಭಾಗವನ್ನು ಆಗಾಗ ಕಣ್ಣಾರೆ ನೋಡಿದಂತೆಯೂ ಆಗುತ್ತದೆ. ಹರಿದ ಡ್ರೈವ್ ಶಾಫ್ಟ್ ಬೂಟು, ತುಕ್ಕು ತಿಂದ ಸೈಲೆನ್ಸರು, ಒಸರುತ್ತಿರುವ ಶಾಕ್ ಅಬ್ಸಾರ್ಬರು, ಎಲ್ಲವೂ ಅಲ್ಲಿ ಮಲಗಿದವನಿಗೇ ಕಾಣುವುದು.

ಫ್ಲಷ್ ಬಗ್ಗೆ ಹೇಳುವುದಾದರೆ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಗುತ್ತಾ ಬಂದಿರುವ ಎಂಜಿನ್ನಿಗೆ ಅದು ಬೇಡ. ಅಡಿಟಿವ್ ಡಬ್ಬಿಯೂ ಬೇಡ. ಕೊಳೆ ತೊಳೆಯುವ, ಸವೆತ ತಡೆಯುವ ರಾಸಾಯನಿಕಗಳನ್ನು ಆಯಿಲ್ ತಯಾರಿಸುವವರೇ ಅಳೆದು ಬೆರೆಸಿರುತ್ತಾರೆ. ಅದರ ಮೇಲೆ ಇನ್ನೊಂದು ಡಬ್ಬಿ ಸುರಿಯುವುದು ಉಪ್ಪು ಹಾಕಿದ ಸಾರಿಗೆ ಮತ್ತೊಬ್ಬರು ಬಂದು ಉಪ್ಪು ಹಾಕಿದಂತೆ. ಆದರೆ ವಾರಂಟಿ ಇನ್ನೂ ಚಾಲ್ತಿಯಲ್ಲಿರುವ ಕಾರಿನವರು ಇದನ್ನು ಓದುತ್ತಿದ್ದರೆ, ಅವಧಿ ಮುಗಿಯುವವರೆಗೂ ಅಧಿಕೃತ ಸರ್ವಿಸ್ ಕೇಂದ್ರಕ್ಕೇ ಹೋಗಲಿ. ನಾಳೆ ಎಂಜಿನ್ನಿಗೆ ಏನಾದರೂ ಆದರೆ ವಾದ ಮಾಡುತ್ತಾ ಕೂರುವ ಪಾಡು ಯಾರಿಗೂ ಬೇಡ.

ಮುಚ್ಚಳದ ಬೆಣ್ಣೆಗೆ ಕಾರಣ ನಿಮ್ಮ ನಾಲ್ಕೈದು ಕಿಲೋಮೀಟರ್ ಓಡಾಟ ಮತ್ತು ಮಲೆನಾಡಿನ ಹವೆ. ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರಾವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ ನುಸುಳಿ ಆಯಿಲ್ ಇರುವ ಕಡೆ ಸೇರುತ್ತದೆ. ದೂರ ಓಡುವ ಕಾರಿನಲ್ಲಿ ಆಯಿಲ್ ಚೆನ್ನಾಗಿ ಕಾದು ಆ ನೀರು ಆವಿಯಾಗಿ ಹೊರಟುಹೋಗುತ್ತದೆ. ಶಾಲೆಯ ಗೇಟಿನವರೆಗೆ ಹೋಗಿ ನಿಲ್ಲುವ ಕಾರಿನಲ್ಲಿ ಆಯಿಲ್ ಕಾಯುವ ಮೊದಲೇ ಪ್ರಯಾಣ ಮುಗಿದಿರುತ್ತದೆ. ಆವಿ ತಣ್ಣಗಿರುವ ಮುಚ್ಚಳಕ್ಕೆ ತಾಗಿ, ಆಯಿಲಿನೊಂದಿಗೆ ಕಲೆತು, ಹಳದಿ ಬೆಣ್ಣೆಯಾಗಿ ಅಂಟುತ್ತದೆ. ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎಳೆದು ನೋಡಿ. ಅದರ ತುದಿಯಲ್ಲಿ ಆಯಿಲ್ ತಿಳಿಯಾದ ಕಂದು ಅಥವಾ ಕಪ್ಪು ಬಣ್ಣದಲ್ಲಿದ್ದು, ಎಂಜಿನ್ ತಣಿಸುವ ಕೂಲೆಂಟ್ ದ್ರವದ ಡಬ್ಬಿಯ ಮಟ್ಟ ತಿಂಗಳುಗಟ್ಟಲೆ ಇಳಿಯದಿದ್ದರೆ ಬೆಣ್ಣೆಯನ್ನು ಬಟ್ಟೆಯಿಂದ ಒರೆಸಿ ಸುಮ್ಮನಿರಿ. ಡಿಪ್‌ಸ್ಟಿಕ್ಕಿನಲ್ಲೇ ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ, ಕೂಲೆಂಟೂ ಕಡಿಮೆಯಾಗುತ್ತಿದ್ದರೆ ಕೂಲೆಂಟ್ ಆಯಿಲಿಗೆ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಸಂಶಯವಿದೆ. ಆಗ ಎಂಜಿನ್ ಚಾಲೂ ಮಾಡದೆ ಗ್ಯಾರೇಜಿನವರನ್ನು ಕರೆಸಿ.

ಇದೇ ಕಾರಣಕ್ಕೆ ನಿಮ್ಮ ಕಾರಿಗೆ ಕೈಪಿಡಿಯ ಸಾಮಾನ್ಯ ಅವಧಿ ಹೊಂದುವುದಿಲ್ಲ. ನಮ್ಮಲ್ಲಿ ಬಹುಪಾಲು ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂಬ ಲೆಕ್ಕವಿದೆ. ಕೈಪಿಡಿಯ ಪುಟ ಇನ್ನೊಂದಿಷ್ಟು ತಿರುವಿದರೆ ‘ಕಠಿಣ ಬಳಕೆ’ ಎಂಬ ಅರ್ಥದ ಇನ್ನೊಂದು ಪಟ್ಟಿ ಸಿಗುತ್ತದೆ; ಸಣ್ಣ ಸಣ್ಣ ಓಡಾಟ, ದೂಳಿನ ರಸ್ತೆ, ಗಂಟೆಗಟ್ಟಲೆ ಟ್ರಾಫಿಕ್ಕಿನಲ್ಲಿ ನಿಂತು ಉರಿಯುವುದು ಎಲ್ಲವೂ ಅದರಲ್ಲಿ ಬರುತ್ತವೆ. ಬೆಂಗಳೂರಿನವರೂ ಈ ಪಟ್ಟಿಯೊಳಗೇ ಇದ್ದಾರೆ, ಒಪ್ಪುವುದಿಲ್ಲ ಅಷ್ಟೆ. ನೀವು ಆರು ತಿಂಗಳಿಗೊಮ್ಮೆ ಅಥವಾ 5,000 ಕಿ.ಮೀ.ಗೆ ಬದಲಿಸಿ. ವಾರಕ್ಕೊಮ್ಮೆ ಹಾಸನದ ಕಡೆಗೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿದರೆ ಇನ್ನೂ ಒಳ್ಳೆಯದು.

ಇನ್ನು 5ಡಬ್ಲ್ಯೂ-30 ಮತ್ತು 20ಡಬ್ಲ್ಯೂ-40ರ ಜಗಳ. ಡಬ್ಲ್ಯೂ ಅಕ್ಷರದ ಮುಂದಿರುವ ಸಂಖ್ಯೆ ಆಯಿಲ್ ತಣ್ಣಗಿದ್ದಾಗ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. 5ಡಬ್ಲ್ಯೂ ಆಯಿಲನ್ನು ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ, 20ಡಬ್ಲ್ಯೂ ಆಯಿಲನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಮಲೆನಾಡಿನಲ್ಲಿ ಸೊನ್ನೆ ಡಿಗ್ರಿಯೇ ಇಲ್ಲವಲ್ಲ ಎಂಬುದು ನಿಮ್ಮ ಮೆಕ್ಯಾನಿಕ್ ವಾದವಿದ್ದೀತು. ಆದರೆ ಡಿಸೆಂಬರಿನ ಬೆಳಗ್ಗೆ ಕೀ ತಿರುಗಿಸಿದಾಗಲೂ 20ಡಬ್ಲ್ಯೂ ಹೆಚ್ಚು ಮಂದವಾಗಿಯೇ ಇರುತ್ತದೆ, ಎಂಜಿನ್ನಿನ ನೆತ್ತಿಯವರೆಗೆ ಏರಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ದಿನಕ್ಕೆ ನಾಲ್ಕಾರು ಸಲ ತಣ್ಣಗಿನ ಎಂಜಿನ್ ಚಾಲೂ ಮಾಡುವ ನಿಮಗೆ ಇದು ಸಣ್ಣ ವಿಷಯವಲ್ಲ. ಎರಡನೆಯ ಸಂಖ್ಯೆ ಕಾದ ಆಯಿಲಿನದು. 100 ಡಿಗ್ರಿಯಲ್ಲಿ 30ರ ಆಯಿಲಿನ ಸ್ನಿಗ್ಧತೆ, ಅಂದರೆ ಮಂದತೆಯ ಅಳತೆ, 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿರಬೇಕು, 40ರದು 12.5ರಿಂದ 16.3. ಈಗಿನ ಎಂಜಿನ್ನುಗಳಲ್ಲಿ ಬೇರಿಂಗ್ ಸಂದಿಗಳು ಕಿರಿದು. ವಾಲ್ವುಗಳು ತೆರೆಯುವ ಹೊತ್ತನ್ನು ಹಿಂದುಮುಂದು ಮಾಡುವ ವಿವಿಟಿ ಎಂಬ ವ್ಯವಸ್ಥೆ ಇದೇ ಆಯಿಲಿನ ಒತ್ತಡದಿಂದ, ಸಣ್ಣ ರಂಧ್ರಗಳ ಮೂಲಕ ಕೆಲಸ ಮಾಡುತ್ತದೆ. ಅಲ್ಲಿಗೆ ಮಂದ ಆಯಿಲ್ ಹಾಕಿದರೆ ಮೈಲೇಜೂ ಇಳಿಯುತ್ತದೆ, ವಿವಿಟಿಯೂ ತಡವರಿಸುತ್ತದೆ.

ಮೆಕ್ಯಾನಿಕ್ ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಅಂಬಾಸಿಡರ್, ಪದ್ಮಿನಿ, ಹಳೆಯ ಡೀಸೆಲ್ ಜೀಪುಗಳ ಕಾಲದಲ್ಲಿ 20ಡಬ್ಲ್ಯೂ-40 ಸರಿಯಾದ ಆಯಿಲೇ ಆಗಿತ್ತು. ಅವರ ಕೈ ಪಳಗಿದ್ದು ಆ ಎಂಜಿನ್ನುಗಳ ಮೇಲೆ. ನಿಮ್ಮದು ಬೇರೆ ಎಂಜಿನ್. ಕೈಪಿಡಿಯಲ್ಲಿ ಏನಿದೆಯೋ ಅದೇ ಆಗಲಿ.

ಕ್ಯಾನಿನ ಮೇಲೆ ಇನ್ನೊಂದು ಗುರುತು ನೋಡಬೇಕು: ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ದರ್ಜೆ. ಪೆಟ್ರೋಲ್ ಎಂಜಿನ್ನಿನ ಆಯಿಲುಗಳದು ‘ಎಸ್’ ಅಕ್ಷರದಿಂದ ಶುರುವಾಗುತ್ತದೆ. ಎಸ್‌ಎನ್ ದರ್ಜೆ 2010ರಲ್ಲಿ ಬಂತು, ಎಸ್‌ಪಿ 2020ರಲ್ಲಿ. ಹೊಸ ದರ್ಜೆಯ ಆಯಿಲನ್ನು ಹಳೆಯದನ್ನು ಕೇಳುವ ಪೆಟ್ರೋಲ್ ಕಾರಿಗೆ ಹಾಕಬಹುದು. ಹಿಂದುಮುಂದಾಗಿ ಮಾತ್ರ ಬೇಡ. ಕೆಲವು ಎಂಜಿನ್ನುಗಳಿಗೆ ಇಷ್ಟೂ ಸಾಲದು. ಫೋರ್ಡ್ ಇಕೋಸ್ಪೋರ್ಟ್‌ನ 1.0 ಲೀಟರ್ ಇಕೋಬೂಸ್ಟ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ನೆನೆದು ಓಡುತ್ತದೆ. ಅದಕ್ಕೆ ಕಂಪನಿ ಒಪ್ಪಿದ ಆಯಿಲ್ ಬಿಟ್ಟು ಬೇರೆ ಹಾಕಿದರೆ ಬೆಲ್ಟಿನ ರಬ್ಬರ್ ಉದುರಿ ಆಯಿಲ್ ಪಂಪಿನ ಬಾಯಿ ಕಟ್ಟಿಕೊಳ್ಳಬಹುದು. ಹಾಗೆಯೇ ಬೈಕಿನ ಆಯಿಲ್ ಮಿಕ್ಕಿದೆ ಎಂದು ಕಾರಿಗೆ, ಕಾರಿನದು ಮಿಕ್ಕಿದೆ ಎಂದು ಬೈಕಿಗೆ ಸುರಿಯುವ ಚಾಳಿ ಬೇಡ. ಬಹುತೇಕ ಬೈಕುಗಳ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಕಾರಿನ ನುಣುಪು ಆಯಿಲ್ ಬಿದ್ದರೆ ಜಾರತೊಡಗುತ್ತದೆ.

ಕೊಳ್ಳುವಾಗ ಗಟ್ಟಿ ಅಂಗಡಿ ನೋಡಿ: ಪೆಟ್ರೋಲ್ ಬಂಕ್, ಕಾರು ಕಂಪನಿಯ ಬಿಡಿಭಾಗದ ಮಳಿಗೆ, ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಬಿಲ್ ಕೊಡುವ ಡೀಲರ್. ನಕಲಿ ಆಯಿಲ್ ಹಾವಳಿ ಕಡಿಮೆಯಲ್ಲ. ಸೀಲು, ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು ನೋಡಿಯೇ ಹಣ ಕೊಡಿ. ನಿಮ್ಮಂಥ ಎಂಜಿನ್ನಿಗೆ ಸುಮಾರು ಮೂರು ಲೀಟರ್ ಹಿಡಿಯುತ್ತದೆ. ಕೈಪಿಡಿಯಲ್ಲಿ ‘ಫಿಲ್ಟರ್ ಸಹಿತ’ ಎಂದು ಬರೆದ ಅಳತೆಯೇ ನಿಮ್ಮದು. ಪೆಟ್ರೋಲ್ ಕಾರುಗಳಿಗೆಂದೇ 3 ಮತ್ತು 3.5 ಲೀಟರಿನ ಕ್ಯಾನುಗಳು ಸಿಗುತ್ತವೆ. ಫಿಲ್ಟರ್ ಮತ್ತು ಡ್ರೈನ್ ಬೋಲ್ಟಿನ (ಆಯಿಲ್ ಇಳಿಸುವ ಬೋಲ್ಟಿನ) ವಾಷರನ್ನು ಕಾರಿನ ಮಾದರಿ, ವರ್ಷ ಹೇಳಿ ಕೊಳ್ಳಿ. ವಾಷರ್ ಅತಿ ಅಗ್ಗದ ವಸ್ತು, ಅದಕ್ಕೇ ಎಲ್ಲರೂ ಮರೆಯುವುದೂ ಅದನ್ನೇ.

ಉಳಿದ ಸಾಮಾನು ಹೆಚ್ಚೇನಿಲ್ಲ. ಬೋಲ್ಟಿನ ತಲೆಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ (ಅನೇಕ ಕಾರುಗಳಲ್ಲಿ 14 ಅಥವಾ 17 ಮಿ.ಮೀ.), ಫಿಲ್ಟರ್ ಬಿಚ್ಚುವ ರೆಂಚ್, ಐದಾರು ಲೀಟರ್ ಹಿಡಿಯುವ ಅಗಲ ಬಾಯಿಯ ಟಬ್, ಆಲಿಕೆ, ಟಾರ್ಚ್, ಬನಿಯನ್ ವೇಸ್ಟ್, ನೈಟ್ರೈಲ್ ಕೈಗವಸು. ಹೊಂದಿಸಿ ತಿರುಗಿಸುವ ಸ್ಕ್ರೂ ಸ್ಪ್ಯಾನರನ್ನು ಈ ಕೆಲಸದ ಹತ್ತಿರಕ್ಕೂ ತರಬೇಡಿ. ಬೋಲ್ಟಿನ ಮೂಲೆ ಸವೆಸುವುದೇ ಅದರ ಕಸುಬು.

ಈಗ ನಾನು ನಿಜವಾಗಿ ಹೆದರುವ ಭಾಗಕ್ಕೆ ಬಂದೆ. ಕಾರಿನ ಜೊತೆ ಬರುವ ಜಾಕಿ ಟೈರ್ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆಯಿರಲಿ, ಕೈಯನ್ನೂ ಹಾಕಬಾರದು. ಗ್ಯಾರೇಜಿನ ಹೈಡ್ರಾಲಿಕ್ ಜಾಕ್ ಆದರೂ ಎತ್ತುವುದಕ್ಕೇ ಹೊರತು ಹೊತ್ತುಕೊಂಡಿರುವುದಕ್ಕಲ್ಲ. ಅದರ ಸೀಲು ಎಂದು ಕೈಕೊಡುತ್ತದೆ ಎಂದು ಹೇಳಿ ಬರುವುದಿಲ್ಲ. ಕಾರಿನ ತೂಕ ಹೊರುವ ಕೆಲಸಕ್ಕೆ ಜಾಕ್ ಸ್ಟ್ಯಾಂಡುಗಳ ಜೋಡಿ ಅಥವಾ ಮುಂದಿನ ಎರಡೂ ಚಕ್ರ ಹತ್ತಿಸುವ ರ‍್ಯಾಂಪು ಬೇಕು, ಅವುಗಳ ಮೇಲೆ ಎಷ್ಟು ಟನ್ ಎಂದು ಅಚ್ಚಾಗಿರಬೇಕು. ಇಟ್ಟಿಗೆ, ಸೈಜುಗಲ್ಲು, ಹಾಲೋ ಬ್ಲಾಕ್ ಯಾವುದೂ ಆಗದು. ಹಾಲೋ ಬ್ಲಾಕ್ ನೋಡಲು ಗಟ್ಟಿ. ಬಿರುಕು ಬಿಟ್ಟರೆ ಒಂದೇ ಏಟಿಗೆ ಪುಡಿಯಾಗಿ ಕೂರುತ್ತದೆ.

ನೆಲ ಸಮತಟ್ಟಾಗಿ, ಕಾಂಕ್ರೀಟಿನದಾಗಿರಲಿ. ಮಳೆಗಾಲದ ಅಂಗಳದ ಮಣ್ಣಿನಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ಹಿಂದಿನ ಚಕ್ರಗಳ ಎರಡೂ ಬದಿಗೆ ಮರದ ಆಪು ಕೊಡಿ. ಸ್ಟ್ಯಾಂಡ್ ಕೂರಿಸುವ ಜಾಗ ಕೈಪಿಡಿಯ ಚಿತ್ರದಲ್ಲಿರುತ್ತದೆ. ತಗಡಿನ ಕೆಳಗೆ ಎಲ್ಲೆಂದರಲ್ಲಿ ಇಟ್ಟರೆ ಒಳಕ್ಕೆ ನುಗ್ಗುತ್ತದೆ. ಕಾರು ಸ್ಟ್ಯಾಂಡಿನ ಮೇಲೆ ಕೂತ ಮೇಲೆ ಹೊರಗೆ ನಿಂತು ಬಾನೆಟ್ಟಿನ ಮೂಲೆ ಹಿಡಿದು ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ಈಗಲೇ ಬೀಳಲಿ. ಬಿಚ್ಚಿದ ಒಂದು ಚಕ್ರವನ್ನೋ ಸ್ಟೆಪ್ನಿಯನ್ನೋ ಬಾಗಿಲ ಕೆಳಗೆ ಅಡ್ಡಲಾಗಿ ತಳ್ಳಿಟ್ಟರೆ ಇನ್ನೊಂದು ಆಸರೆ. ಮನೆಯಲ್ಲಿ ಒಬ್ಬರಾದರೂ ಹತ್ತಿರವಿರಲಿ, ಮಕ್ಕಳು ದೂರವಿರಲಿ. ಇಷ್ಟೆಲ್ಲ ನಿಮ್ಮ ಕೈಲಿ ಹೊಂದಿಸಲು ಆಗದಿದ್ದರೆ ಆಯಿಲನ್ನು ಡಿಪ್‌ಸ್ಟಿಕ್ ಕೊಳವೆಯ ಮೂಲಕ ಮೇಲಿನಿಂದಲೇ ಹೀರುವ ಪಂಪುಗಳಿವೆ. ಫಿಲ್ಟರ್ ಬಾನೆಟ್ ಕಡೆಯಿಂದ ಕೈಗೆ ಸಿಗುವ ಕಾರುಗಳಲ್ಲಿ ಅಡಿಗೆ ಹೋಗುವ ಪ್ರಮೇಯವೇ ಇರುವುದಿಲ್ಲ. ಅದೂ ಆಗದಿದ್ದರೆ ಆಯಿಲ್, ಫಿಲ್ಟರ್ ನೀವೇ ಕೊಂಡು, ಊರಿನ ಗ್ಯಾರೇಜಿನಲ್ಲಿ ಕೂಲಿ ಕೊಟ್ಟು, ಪಕ್ಕದಲ್ಲೇ ನಿಂತು ಹಾಕಿಸಿ. ಅದರಲ್ಲಿ ಸೋಲೇನೂ ಇಲ್ಲ.

ಆಯಿಲ್ ಉಗುರುಬೆಚ್ಚಗಿಂತ ಸ್ವಲ್ಪ ಹೆಚ್ಚು ಬಿಸಿಯಿರುವಾಗ ಇಳಿಸಬೇಕು: ಎರಡು ಮೂರು ಕಿ.ಮೀ. ಓಡಿಸಿ ತಂದು, ಕಾಲು ಗಂಟೆ ಬಿಟ್ಟು ಶುರು ಮಾಡಿ. ಪೂರ್ತಿ ಕಾದ ಆಯಿಲ್ ಚರ್ಮ ಸುಡುತ್ತದೆ, ಪಕ್ಕದ ಎಗ್ಸಾಸ್ಟ್ ಪೈಪು ಇನ್ನೂ ಬೇಗ ಸುಡುತ್ತದೆ. ಮೇಲಿನ ಮುಚ್ಚಳ ಮೊದಲೇ ತೆರೆದಿಡಿ. ಫಿಲ್ಟರನ್ನೂ ಈಗಲೇ ರೆಂಚಿನಿಂದ ಒಂದಿಷ್ಟು ಸಡಿಲಿಸಿ ನೋಡಿ. ಹಿಂದಿನವರು ಬಿಗಿದ ರಭಸಕ್ಕೆ ಅದು ಅಲುಗದೇ ಹೋದರೆ, ಆಯಿಲ್ ಇನ್ನೂ ಒಳಗಿರುವುದರಿಂದ ಕಾರು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದು. ಆಯಿಲ್ ಇಳಿಸಿದ ಮೇಲೆ ಈ ಸಂಗತಿ ಗೊತ್ತಾದರೆ ಕಾರು ಅಂಗಳದಲ್ಲೇ ಕೂರುತ್ತದೆ.

ಬಿಚ್ಚುವ ಮುನ್ನ ಅದು ಎಂಜಿನ್ನಿನ ಬೋಲ್ಟೇ ಎಂದು ಖಚಿತ ಮಾಡಿಕೊಳ್ಳಿ. ಅಡಿಯಲ್ಲಿ ಗೇರ್‌ಬಾಕ್ಸಿಗೂ ಒಂದು ಡ್ರೈನ್ ಬೋಲ್ಟ್ ಇರುತ್ತದೆ. ಅದನ್ನು ಬಿಚ್ಚಿ ಗೇರ್ ಆಯಿಲ್ ಇಳಿಸಿ, ಆಮೇಲೆ ಎಂಜಿನ್ನಿಗೆ ಇನ್ನೂ ಮೂರು ಲೀಟರ್ ಸುರಿದವರು ಬೇಕಾದಷ್ಟು ಜನ. ಎಂಜಿನ್ನಿನ ತಳದ ತಗಡಿನ ತೊಟ್ಟಿ, ಗ್ಯಾರೇಜಿನವರು ಚೇಂಬರ್ ಎನ್ನುವುದು, ಅದರ ತಗ್ಗಿನಲ್ಲಿರುವ ಬೋಲ್ಟ್ ನಿಮಗೆ ಬೇಕಾದದ್ದು. ಹೊರಬಂದದ್ದು ಕಪ್ಪಾಗಿರದೆ ಜೇನಿನ ಬಣ್ಣದಲ್ಲಿದ್ದು ಗಂಧಕದ ಘಾಟು ಹೊಡೆದರೆ ತಕ್ಷಣ ಬೋಲ್ಟ್ ಹಾಕಿ ನಿಲ್ಲಿಸಿ.

ಸ್ಪ್ಯಾನರಿನಿಂದ ಸಡಿಲಿಸಿದ ಮೇಲೆ ಉಳಿದದ್ದನ್ನು ಬೆರಳಿನಿಂದ ತಿರುಗಿಸಿ. ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದೇ ತಿರುಗಿಸುತ್ತಾ ಬನ್ನಿ. ಕೊನೆಯ ಸುತ್ತು ಮುಗಿದದ್ದು ಬೆರಳಿಗೆ ಗೊತ್ತಾಗುತ್ತದೆ. ಆಗ ಒಂದೇ ಸಲಕ್ಕೆ ಕೈಯನ್ನು ಪಕ್ಕಕ್ಕೆ ಸೆಳೆದುಕೊಳ್ಳಬೇಕು. ಮೊದಲ ಧಾರೆ ನೇರ ಕೆಳಗೆ ಬೀಳುವುದಿಲ್ಲ, ಒಂದು ಅಡಿಯಷ್ಟು ಮುಂದಕ್ಕೆ ಚಿಮ್ಮುತ್ತದೆ. ಟಬ್ಬನ್ನು ಅದಕ್ಕೆ ತಕ್ಕಂತೆ ಇಟ್ಟಿರಿ. ಅರ್ಧ ನಿಮಿಷದಲ್ಲಿ ರಭಸ ತಗ್ಗಿ ಧಾರೆ ಹಿಂದಕ್ಕೆ ಸರಿಯುತ್ತದೆ, ಟಬ್ಬನ್ನೂ ಅದರ ಹಿಂದೆಯೇ ಸರಿಸಬೇಕು. ಕೊನೆಗೆ ನೂಲಿನಷ್ಟು ಸಣ್ಣದಾದಾಗ ಗಾಳಿ ಬೀಸಿದರೂ ಓಲಾಡಿ ಹೊರಗೆ ಬೀಳುತ್ತದೆ. ನೆಲಕ್ಕೆ ಹಳೆಯ ರಟ್ಟಿನ ಹಾಸು ಹಾಸಿರಿ. ಬೋಲ್ಟ್ ಟಬ್ಬಿನೊಳಗೆ ಬಿದ್ದರೆ ಗಾಬರಿಯಾಗಬೇಡಿ, ಎಲ್ಲರದೂ ಬೀಳುತ್ತದೆ.

ಹನಿ ನಿಲ್ಲುವವರೆಗೂ ಕಾಲು ಗಂಟೆ ಬಿಡಿ. ಆ ಹೊತ್ತಿನಲ್ಲಿ ಬೋಲ್ಟ್ ಒರೆಸಿ ನೋಡಿ: ತುದಿಯಲ್ಲಿ ನಯವಾದ ಬೂದು ಲೇಪವಿದ್ದರೆ ಮಾಮೂಲು ಸವೆತ, ಉಗುರಿಗೆ ಸಿಗುವ ಲೋಹದ ಚೂರುಗಳಿದ್ದರೆ ತಜ್ಞರಿಗೆ ತೋರಿಸಬೇಕು. ಆಯಿಲಿನ ಕಪ್ಪು ಬಣ್ಣ ಮಾತ್ರ ಚಿಂತೆಯ ವಿಷಯವಲ್ಲ. ಕೊಳೆಯನ್ನು ತನ್ನೊಳಗೆ ತೇಲಿಸಿಕೊಂಡಿರುವುದು ಅದರ ಕೆಲಸ, ಕಪ್ಪಾದರೆ ಕೆಲಸ ಮಾಡಿದೆ ಎಂದೇ ಅರ್ಥ.

ಬೋಲ್ಟಿಗೆ ಹೊಸ ವಾಷರ್ ಹಾಕಿ, ಮೊದಲ ನಾಲ್ಕೈದು ಸುತ್ತನ್ನು ಬರಿಗೈಯಿಂದಲೇ ತಿರುಗಿಸಿ. ಬಿಗಿ ಎನಿಸಿದರೆ ಸೊಟ್ಟ ಹೋಗುತ್ತಿದೆ; ತೆಗೆದು ಮತ್ತೆ ಹಾಕಿ. ಅನೇಕ ಚೇಂಬರುಗಳು ಅಲ್ಯೂಮಿನಿಯಮ್ಮಿನವು, ಉಕ್ಕಿನ ಬೋಲ್ಟನ್ನು ಬಲವಂತದಿಂದ ತಿರುಗಿಸಿದರೆ ಥ್ರೆಡ್ ಕಿತ್ತುಬರುತ್ತದೆ. ಆಮೇಲೆ ಆಗುವ ಖರ್ಚಿನಲ್ಲಿ ಹಲವು ವರ್ಷದ ಆಯಿಲ್ ಬರುತ್ತದೆ. ಇಂಥ ಕಾರುಗಳಲ್ಲಿ ಬಿಗಿತ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್. ನಿಮ್ಮ ಕಾರಿನದೇ ಅಂಕಿ ಹುಡುಕಿ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಎರವಲು ಸಿಕ್ಕರೆ ತನ್ನಿ. ಸಿಗದಿದ್ದರೆ, ವಾಷರ್ ಕೂತ ಮೇಲೆ ಚಿಕ್ಕ ಸ್ಪ್ಯಾನರಿನಿಂದ ಸುಮಾರು ಕಾಲು ಸುತ್ತು. ಸ್ಪ್ಯಾನರಿಗೆ ಪೈಪ್ ತೊಡಿಸಿ ಎಳೆಯುವ, ಕಾಲಿನಿಂದ ಒದೆಯುವ ಪರಾಕ್ರಮ ಬೇಡ.

ಫಿಲ್ಟರ್ ಬಿಚ್ಚಿದಾಗಲೂ ಒಂದಿಷ್ಟು ಆಯಿಲ್ ಸುರಿಯುತ್ತದೆ. ಟಬ್ ಅಲ್ಲೇ ಇರಲಿ. ತೆಗೆದ ತಕ್ಷಣ ಹಳೆಯ ಫಿಲ್ಟರಿನ ಬಾಯಿಯಲ್ಲಿ ರಬ್ಬರ್ ರಿಂಗ್ ಇದೆಯೇ ನೋಡಿ. ಇಲ್ಲದಿದ್ದರೆ ಅದು ಎಂಜಿನ್ನಿನ ಕಡೆ ಅಂಟಿಕೊಂಡಿದೆ. ಕಪ್ಪು ಜಿಡ್ಡಿನ ಮೇಲೆ ಕಪ್ಪು ರಬ್ಬರ್ ಕಣ್ಣಿಗೆ ಕಾಣುವುದಿಲ್ಲ; ಟಾರ್ಚ್ ಹಿಡಿದು, ಬಟ್ಟೆಯಿಂದ ಆ ವೃತ್ತವನ್ನು ಒರೆಸಿ, ಬೆರಳಾಡಿಸಿ ಖಚಿತ ಮಾಡಿಕೊಳ್ಳಿ. ಹಳೆಯ ರಿಂಗಿನ ಮೇಲೆ ಹೊಸ ರಿಂಗ್ ಕೂತರೆ ಅಂಗಳದಲ್ಲಿ ಏನೂ ಆಗದಿರಬಹುದು. ರಸ್ತೆಯಲ್ಲಿ ಎಂಜಿನ್ ವೇಗ ಹೆಚ್ಚಿಸಿದಾಗ ಒತ್ತಡಕ್ಕೆ ಜಾರಿ ನಿಮಿಷಗಳಲ್ಲಿ ಎಲ್ಲ ಆಯಿಲ್ ಹೊರಬರುತ್ತದೆ, ಎಂಜಿನ್ ಹಿಡಿದುಕೊಳ್ಳುತ್ತದೆ. ಈ ಇಡೀ ಕೆಲಸದಲ್ಲಿ ಎಂಜಿನ್ನನ್ನೇ ಬಲಿ ತೆಗೆದುಕೊಳ್ಳಬಲ್ಲ ಚೂರು ಇದು.

ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ. ರಬ್ಬರ್ ಮುಟ್ಟಿತು ಎನಿಸಿದ ಮೇಲೆ ಮುಕ್ಕಾಲು ಸುತ್ತು ಸಾಕು. ಫಿಲ್ಟರಿನ ಮೈಮೇಲೆ ಬೇರೆ ಸೂಚನೆಯಿದ್ದರೆ ಅದರಂತೆ. ರೆಂಚ್ ಇರುವುದು ಬಿಚ್ಚುವುದಕ್ಕೆ, ಬಿಗಿಯುವುದಕ್ಕಲ್ಲ.

ಕಾರು ನೆಲಕ್ಕಿಳಿಸಿ ಆಯಿಲ್ ಸುರಿಯಿರಿ. ಹೇಳಿದ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಮುಚ್ಚಳ ಹಾಕಿ, ಎಂಜಿನ್ ಚಾಲೂ ಮಾಡಿ. ಆಯಿಲ್ ಒತ್ತಡದ ಕೆಂಪು ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಖಾಲಿ ಫಿಲ್ಟರ್ ತುಂಬುವವರೆಗೆ ಒಂದೆರಡು ಕ್ಷಣ ಹೆಚ್ಚಾದೀತು, ಆ ಹೊತ್ತಿನಲ್ಲಿ ಆಕ್ಸಿಲರೇಟರ್ ಮುಟ್ಟಬೇಡಿ. ಆರದಿದ್ದರೆ ತಕ್ಷಣ ಆಫ್ ಮಾಡಿ. ಒಂದು ನಿಮಿಷ ಓಡಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ಹೊರಗಿನಿಂದಲೇ ಬಗ್ಗಿ ಬೋಲ್ಟು, ಫಿಲ್ಟರುಗಳ ಸುತ್ತ ಒಸರುತ್ತಿದೆಯೇ ನೋಡಿ. ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ಅದ್ದಿ ಅಳೆಯಿರಿ. ಮೇಲಿನ ಗೆರೆಗೆ ಸ್ವಲ್ಪ ಕೆಳಗೆ ನಿಲ್ಲುವಂತೆ ಚೂರುಚೂರೇ ಸೇರಿಸಿ. ಹೆಚ್ಚಾದರೆ ಒಳ್ಳೆಯದೇ ಎಂಬ ನಂಬಿಕೆ ತಪ್ಪು. ಮಟ್ಟ ತೀರಾ ಮೇಲೇರಿದರೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಗೆ ಬೇರಿಂಗ್ ಕಾಯುವ ಶಕ್ತಿಯಿಲ್ಲ. ಮರುದಿನ ಬೆಳಗ್ಗೆ ಕಾರು ನಿಂತ ಜಾಗ ನೋಡಿ, ಮಟ್ಟವನ್ನೂ ಮತ್ತೊಮ್ಮೆ ಅಳೆಯಿರಿ. ತಾರೀಖು, ಕಿಲೋಮೀಟರು, ಆಯಿಲಿನ ಹೆಸರನ್ನು ಬರೆದಿಡಿ, ಬಿಲ್ಲುಗಳನ್ನು ಎಸೆಯಬೇಡಿ. ಕಾರು ಮಾರುವಾಗ ಬೆಲೆ ಬರುವುದು ಅವಕ್ಕೇ. ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು, ಕೂಲೆಂಟುಗಳ ತಪಾಸಣೆಗೆ ವರ್ಷಕ್ಕೊಮ್ಮೆ ಗ್ಯಾರೇಜಿಗೆ ಹೋಗುವುದು ಇದರಿಂದ ತಪ್ಪುವುದಿಲ್ಲ.

ಇನ್ನು ತಂದೆಯವರ ಬೇಲಿ ಕಂಬ. ಗೆದ್ದಲು ಬಾರದಿರಲೆಂದು ಕಂಬಕ್ಕೆ, ಅಂಟದಿರಲೆಂದು ಸೆಂಟ್ರಿಂಗ್ ಹಲಗೆಗೆ, ಸೊಳ್ಳೆ ಸಾಯಲೆಂದು ಚರಂಡಿಗೆ ಹಳೆಯ ಆಯಿಲ್ ಹಾಕುವುದು ನಮ್ಮಲ್ಲಿ ರೂಢಿ. ಅವರಿಗೆ ಬೇಸರವಾಗದಂತೆ ಬೇಡವೆನ್ನಿ. ಎಂಜಿನ್ನಿನಲ್ಲಿ ಬೆಂದ ಆಯಿಲಿನಲ್ಲಿ ಸವೆದ ಲೋಹ ಇರುತ್ತದೆ, ಕ್ಯಾನ್ಸರ್ ತರಬಲ್ಲ ಹೈಡ್ರೋಕಾರ್ಬನ್‌ಗಳಿರುತ್ತವೆ. ನಿಮ್ಮೂರಿನ ಮಳೆಗೆ ಕಂಬದ ಮೇಲೆ ಅದು ಎಷ್ಟು ದಿನ ನಿಂತೀತು? ತೊಳೆದುಹೋಗಿ ಸೇರುವುದು ತೋಟದ ಮಣ್ಣಿಗೆ, ಅಲ್ಲಿಂದ ಬಾವಿಗೆ, ಹಳ್ಳಕ್ಕೆ. ಒಂದು ಸಲ ಬದಲಿಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿಯೂ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವೇ.

ಹಳೆಯ ಆಯಿಲನ್ನು ಖಾಲಿಯಾದ ಕ್ಯಾನಿಗೇ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ ದಪ್ಪ ಅಕ್ಷರದಲ್ಲಿ ‘ಹಳೆಯ ಆಯಿಲ್’ ಎಂದು ಬರೆಯಿರಿ. ಅದಕ್ಕೆ ಪೆಟ್ರೋಲ್, ಸೀಮೆಎಣ್ಣೆ, ಕೂಲೆಂಟ್ ಬೆರೆಸಬೇಡಿ. ಬೆರೆತರೆ ಮರುಸಂಸ್ಕರಣೆಗೆ ತೊಡಕು. ಫಿಲ್ಟರನ್ನು ರಾತ್ರಿಯಿಡೀ ಬೋರಲು ಹಾಕಿ ಸೋರಿಸಿ. ಎರಡನ್ನೂ ದೊಡ್ಡ ಸರ್ವಿಸ್ ಕೇಂದ್ರಕ್ಕೆ ಒಯ್ದು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಸಂಗ್ರಾಹಕರಿಗೆ ಕೊಡುತ್ತೀರಾ ಎಂದು ಕೇಳಿ ಒಪ್ಪಿಸಿ. ಹಳೆಯ ಆಯಿಲಿಗೆ ಬೆಲೆಯಿದೆ, ಹೆಚ್ಚಿನವರು ಬೇಡವೆನ್ನುವುದಿಲ್ಲ. ಉಳಿದ ಖಾಲಿ ಕ್ಯಾನುಗಳಿಗೆ ತೂತು ಹೊಡೆದೇ ಗುಜರಿಗೆ ಹಾಕಿ, ನಕಲಿ ತುಂಬುವವರು ಹುಡುಕುವುದು ಅಂಥ ಕ್ಯಾನುಗಳನ್ನೇ. ಕೈಗೆ ಜಿಡ್ಡಾಗಿದ್ದರೆ ಸೋಪು ಹಾಕಿ ತೊಳೆಯಿರಿ. ಪೆಟ್ರೋಲಿನಲ್ಲಿ ಕೈ ತೊಳೆಯುವ ಗ್ಯಾರೇಜಿನ ಪದ್ಧತಿ ಬೇಡ.

ತಮ್ಮನ ಡೀಸೆಲ್ ಕಾರಿಗೆ ಕೈಕೆಲಸ ಹೆಚ್ಚುಕಡಿಮೆ ಇದೇ, ಆಯಿಲ್ ಮಾತ್ರ ಬೇರೆ. ಬಿಎಸ್6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇರುತ್ತದೆ. ಸಾಮಾನ್ಯ ಆಯಿಲ್ ಉರಿದು ಬಿಡುವ ಬೂದಿ ಅದರ ರಂಧ್ರಗಳನ್ನು ಕಾಯಂ ಆಗಿ ಮುಚ್ಚುತ್ತದೆ. ಆದ್ದರಿಂದ ಕಡಿಮೆ ಬೂದಿಯ, ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಸಿ2 ಅಥವಾ ಸಿ3ಯಂಥ ದರ್ಜೆಯ, ಕೈಪಿಡಿಯಲ್ಲಿ ಹೆಸರಿಸಿದ ಆಯಿಲನ್ನೇ ಹಾಕಬೇಕು. ಕೆಲವು ಡೀಸೆಲ್ ಎಂಜಿನ್ನುಗಳಲ್ಲಿ ಡಬ್ಬಿಯಂಥ ಫಿಲ್ಟರಿನ ಬದಲು ಪ್ಲಾಸ್ಟಿಕ್ ಮುಚ್ಚಳದೊಳಗೆ ಬರಿಯ ಕಾಗದದ ಫಿಲ್ಟರ್ ಇರುತ್ತದೆ. ಅದರ ಓ-ರಿಂಗನ್ನೂ ಬದಲಿಸಬೇಕು, ಮುಚ್ಚಳವನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಜಾಸ್ತಿಯಾದರೆ ಪ್ಲಾಸ್ಟಿಕ್ ಸೀಳುತ್ತದೆ. ಇನ್ನೊಂದು ಮಾತನ್ನು ಅವರಿಗೆ ತಪ್ಪದೆ ಹೇಳಿ: ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ವಾರದಿಂದ ವಾರಕ್ಕೆ ಏರುತ್ತಿದ್ದರೆ ಖುಷಿಪಡಬಾರದು. ಜರಡಿಯ ಮಸಿ ಸುಡಲೆಂದು ಎಂಜಿನ್ ಚುಚ್ಚುವ ಹೆಚ್ಚುವರಿ ಡೀಸೆಲ್, ಸಣ್ಣ ಓಡಾಟದಲ್ಲಿ ಪೂರ್ತಿ ಉರಿಯದೆ, ಕೆಳಗಿಳಿದು ಆಯಿಲಿಗೆ ಬೆರೆಯುತ್ತಿದೆ ಎಂದು ಅದರ ಅರ್ಥ. ಹಾಗೇನಾದರೂ ಕಂಡರೆ ಅವಧಿ ಬರುವವರೆಗೆ ಕಾಯದೆ ಬದಲಿಸಲಿ, ಡಿಪಿಎಫ್ ಪರೀಕ್ಷೆ ಮಾಡಿಸಲಿ.